ಸರ್ಪಗಂಧದ ಅಪ್ಪಣೆ

ಬೇರು ಅಗೆಯುವ ಮೊದಲು ಸರ್ಪಗಂಧದ ಗಿಡದ ಅಪ್ಪಣೆ ಕೇಳಬೇಕು, ಕೇಳದೆ ಅಗೆದವನನ್ನು ಅದು ಮನೆತನಕ ಹಿಂಬಾಲಿಸುತ್ತದೆ ಎಂದು ಆಗ ಎಲ್ಲರೂ ನಂಬಿದ್ದರು. ಎರಡು ಪದವಿ ಪಡೆದಿದ್ದ ಅರಣ್ಯಾಧಿಕಾರಿ ವಿರೂಪಣ್ಣನವರೂ ನಂಬಿದ್ದರು, ಹೇಳಿಕೊಳ್ಳುತ್ತಿರಲಿಲ್ಲ, ಅಷ್ಟೆ.

ಕಾಡಿನ ನೆರಳಿನಲ್ಲಿ ಇಲಾಖೆಯ ಸರ್ಪಗಂಧದ ಪಾತಿಗಳನ್ನು ಮೂರು ವರ್ಷ ಸಾಕಿದವಳು ಒಬ್ಬ ಕೂಲಿ ಹೆಂಗಸು. ಬೀಜ ಇನ್ನೂ ಬಲಿತಿರಲಿಲ್ಲ. ಈಗ ಕಿತ್ತರೆ ಮತ್ತೆ ಬಿತ್ತಲು ಏನೂ ಉಳಿಯುತ್ತಿರಲಿಲ್ಲ.

"ಎಲ್ಲಾ ಬೇರೂ ಇವತ್ತೇ ಅಗೆದು ಜೀಪಿಗೆ ಹಾಕು. ಮಂತ್ರಿಗಳ ಬೀಗರಿಗೆ ಬಿಪಿ, ಈ ಬೇರೇ ಮದ್ದಂತೆ," ಎಂದರು ವಿರೂಪಣ್ಣ.

"ಆಗಲಿ ಸ್ವಾಮಿ. ಆದರೆ ಬೇಕು ಅಂದವರೇ ಬಗ್ಗಿ ಅಪ್ಪಣೆ ಕೇಳಬೇಕು," ಎಂದಳು ಅವಳು.

ಅವರು ನಕ್ಕರು. ನಕ್ಕು, ಸುತ್ತ ನೋಡಿ, ಬೂಟು ಬಿಚ್ಚಿದರು. ಮಂಡಿಯೂರಿ, ತರಗೆಲೆಯ ಮೇಲೆ ಕೈಯಿಟ್ಟು, ಮೆಲ್ಲಗೆ ಕೇಳಿದರು: "ತಗೊಳ್ಳಲಾ?"

ಗಾಳಿ ಇರಲಿಲ್ಲ. ತರಗೆಲೆಯ ಅಡಿಯಲ್ಲಿ ಯಾರೋ ಉದ್ದಕ್ಕೆ ಉಸಿರುಬಿಟ್ಟರು. ಆ ಉಸಿರು ಪಾತಿಯಿಂದ ಪಾತಿಗೆ ಹರಿಯಿತು. ಎಲೆಗಳು ಅಲುಗಿದವು. ಬೆರಳಿಗೆ ಏನೋ ತಣ್ಣಗೆ ತಾಗಿತು.

"ಬೀಜ ಬಲಿಯೋ ತನಕ ಬೇಡ ಅಂತಾ ಸ್ವಾಮಿ?"

"ಹೂಂ! ಹಾಗೇ ಅಂತು!" ಬೂಟು ಕೈಯಲ್ಲಿ ಹಿಡಿದು ಅವರು ಜೀಪಿಗೆ ಓಡಿದರು.

ಅವಳು ಬಗ್ಗಿ, ತರಗೆಲೆಯಡಿ ಹಾಸಿದ್ದ ಹನಿ ನೀರಾವರಿ ಪೈಪಿನ ವಾಲ್ವು ಮುಚ್ಚಿದಳು. ಆ ಪೈಪಿನಲ್ಲಿ ನೀರಿಗಿಂತ ಮೊದಲು ಗಾಳಿ ಬರುತ್ತದೆ.