ಕತ್ತರಿ ಬಿದ್ದ ಸಾವಿರದ ನೋಟು

ಹತ್ತಿರ ಬಾರೇ, ಮೆಲ್ಲಗೆ ಹೇಳ್ತೀನಿ. ಯಾರ ಮುಂದೂ ಬಾಯಿ ಬಿಡಬೇಡ, ನನ್ನಾಣೆ. ನಾನು ಫಿನ್ಲೆಂಡಿನ ಮುದಿ ತಾಮ್ರದ ಪೆನ್ನಿ. ನನ್ನಂಥ ನೂರು ಸೇರಿದರೆ ಒಂದು ಮಾರ್ಕ. ಹಿಲ್ಮಾ ಅನ್ನೋ ವಿಧವೆಯ ಡಬ್ಬಿಯಲ್ಲಿ ನನ್ನ ನೆರೆಯವಳು ಸಾವಿರ ಮಾರ್ಕದ ನೋಟು. ಏನು ಬಿಂಕ ಅವಳದು! ತಾಯಿ ಮಗಳಿಬ್ಬರ ಚಳಿಗಾಲದ ಬೂಟಿಗೆ ಅಂತ ಎತ್ತಿಟ್ಟಿದ್ದರು.

ಯುದ್ಧ ಮುಗಿದ ಹೊಸ ವರ್ಷಕ್ಕೆ ಸರ್ಕಾರ ಅಪ್ಪಣೆ ಮಾಡಿತು ನೋಡು: ದೊಡ್ಡ ನೋಟನ್ನೆಲ್ಲ ನಡುವೆ ಕತ್ತರಿಸಿ, ಎಡಭಾಗ ಅರ್ಧ ಬೆಲೆಗೆ ನಡೆಯುತ್ತೆ, ಬಲಭಾಗ ಸರ್ಕಾರಕ್ಕೆ ಸಾಲ. ಹಿಲ್ಮಾ ಅಳುತ್ತಾ ಬಟ್ಟೆ ಕತ್ತರಿ ತಂದಳು. ಕಚಕ್!

ನಾನು ಸುಮ್ಮನಿರ್ತೀನಾ? ಡಬ್ಬಿಯ ಸೂಜಿ, ಗುಂಡಿಗಳಿಗೆಲ್ಲ ಸಾರಿದೆ: "ಅರ್ಧ ಮೈಯವಳು ಅಂಗಡಿಗೆ ಹೋದರೆ ಒಂಟಿ ಕಾಲಿನ ಬೂಟು ಕೊಡ್ತಾರೆ!"

"ಹೋಗೇ ಹೋಗ್ತೀನಿ," ಅಂದಳು ಅರ್ಧವಾದ ನೋಟು.

ಮರುದಿನ ಹಿಲ್ಮಾ ಮಗಳನ್ನು ಕರಕೊಂಡು ಬೂಟಿನಂಗಡಿಗೆ ಹೋದಳು. ಚಿಲ್ಲರೆಗೆ ಇರಲಿ ಅಂತ ನನ್ನನ್ನೂ ಒಯ್ದಳು. ಅಂಗಡಿಯವನು ಅರ್ಧ ನೋಟನ್ನು ಬೆಳಕಿಗೆ ಹಿಡಿದು ನೋಡಿದ, ಮಗುವಿಗೆ ಬೂಟು ತೊಡಿಸಿದ; ತಾಯಿಯ ಬೂಟಿಗೆ ದುಡ್ಡು ಸಾಲಲಿಲ್ಲ. ನನ್ನನ್ನು ಮಾತ್ರ ಬೆರಳ ತುದಿಯಲ್ಲಿ ತಳ್ಳಿದ: "ಇದು ಯಾವ ಕಾಲದ ಕಾಸಮ್ಮ? ಈಗ ನಡೆಯಲ್ಲ."

ಆಗ ಆ ಅರ್ಧ ಮೈಯವಳು ಎಲ್ಲರೆದುರು ನನ್ನ ಮುಖಕ್ಕೇ ಹೇಳಿದಳು: "ಅಜ್ಜೀ, ನನಗೆ ಕತ್ತರಿ ಬಿದ್ದದ್ದು ನಿಜ. ಆದರೂ ಮಗುವಿನ ಎರಡೂ ಕಾಲು ಬೆಚ್ಚಗಾದವು. ಇಡಿಯಾಗಿ ಉಳಿದ ನೀನು ಯಾರ ಒಂದು ಬೆರಳು ಬೆಚ್ಚಗೆ ಮಾಡಿದೆ?"