ಕಿಟಕಿಯ ಆಚೆ ಹನುಮೇಶ

ಶಾಂತವೀರಯ್ಯನವರು ಬಹಳ ವರ್ಷ ಸಿನಿಮಾಗಳಿಗೆ ಕ್ಯಾಮೆರಾ ಹಿಡಿದವರು. ವಯಸ್ಸಾದ ಮೇಲೆ ತುಂಗಭದ್ರೆಯ ದಡದ ಹಳೆಯ ಛತ್ರವೊಂದರಲ್ಲಿ ನೆಲೆಸಿ, ಕಲಿಯಬೇಕೆಂದು ಬಂದವರಿಗೆ ಕಲಿಸುತ್ತಿದ್ದರು.

ಮಂದಾಕಿನಿ ಅವರ ಹಿರಿಯ ಶಿಷ್ಯೆ. ಗುರುಗಳ ಕ್ಯಾಮೆರಾವನ್ನು ಒರೆಸಿ ಎತ್ತಿಡುವವಳು ಅವಳೇ.

ಆಮೇಲೆ ಹನುಮೇಶ ಬಂದ. ಹೊಳೆಯಲ್ಲಿ ಬಟ್ಟೆ ಒಗೆಯುವ ಮುದುಕಿಯೊಬ್ಬಳ ಕೈಗಳನ್ನಷ್ಟೇ ಕ್ಯಾಮೆರಾದಲ್ಲಿ ಹತ್ತಿರದಿಂದ ಚಿತ್ರಿಸಿದ್ದ. ಗುರುಗಳು ಅದನ್ನು ನೋಡಿದರು. ಪರದೆಯ ಮೇಲೆ ಇನ್ನೊಮ್ಮೆ ಹಾಕಿಸಿ ನೋಡಿದರು.

ಮಂದಾಕಿನಿಯ ಚಿತ್ರವನ್ನು ಅವರು ಎಂದೂ ಎರಡನೇ ಸಲ ಹಾಕಿಸಿರಲಿಲ್ಲ. ಅಂದಿನಿಂದ ಅವಳಿಗೆ ಊಟ ರುಚಿಸಲಿಲ್ಲ.

ಹನುಮೇಶನಿಗೆ ಇದೊಂದೂ ತಿಳಿಯದು. ಒಂದು ಸಂಜೆ ಹೊಳೆಯ ಮೆಟ್ಟಿಲ ಮೇಲೆ ಕೂತು, ಯಾರಿಗೂ ಹೇಳದ್ದನ್ನು ಅವಳಿಗೆ ಹೇಳಿದ.

"ನಮ್ಮಪ್ಪ ಜೈಲಿನಲ್ಲಿದ್ದಾರೆ, ಅಕ್ಕಾ."

ಕೆಲವು ದಿನ ಕಳೆದ ಮೇಲೆ ಗುರುಗಳು ಮಂದಾಕಿನಿಯನ್ನು ಕರೆದರು. "ಹನುಮೇಶನನ್ನು ಚಿತ್ರಿಸಿ ತಾ. ಮಾತು ಬೇಡ. ನೋಡಿದವರಿಗೆ ಅವನು ಎಂಥವನೆಂದು ಗೊತ್ತಾಗಬೇಕು."

ಚಿತ್ರ ನೋಡಲು ಎಲ್ಲ ಶಿಷ್ಯರೂ ಸೇರಿದರು. ಪರದೆಯ ಮೇಲೆ ಹನುಮೇಶ ಅಂಗಳದಲ್ಲಿ ತಲೆ ತಗ್ಗಿಸಿ ಕೂತಿದ್ದ. ಕೋಣೆಯ ಕಿಟಕಿಯ ಕಬ್ಬಿಣದ ಸರಳುಗಳು ಅವನ ಮುಖದ ಮೇಲೆ ಕಪ್ಪಗೆ ಅಡ್ಡ ಬಂದಿದ್ದವು.

"ಒಳ್ಳೇ ಕೈದಿ ಥರ ಕಾಣ್ತಾನೆ," ಎಂದು ಒಬ್ಬ ನಕ್ಕ. ಉಳಿದವರೂ ನಕ್ಕರು.

ಹನುಮೇಶ ಮಂದಾಕಿನಿಯ ಕಡೆ ಒಮ್ಮೆ ನೋಡಿ ಎದ್ದುಹೋದ. ಸ್ವಲ್ಪ ಹೊತ್ತಿಗೆ ಅವನು ಚೀಲ ಹೆಗಲಿಗೇರಿಸಿ ಬಸ್ ನಿಲ್ದಾಣದ ದಾರಿ ಹಿಡಿದದ್ದು ಕಾಣಿಸಿತು.

ಗುರುಗಳು ಉಳಿದವರನ್ನು ಹೊರಗೆ ಕಳಿಸಿದರು.

"ಕೋಣೆಯ ಒಳಗಿನಿಂದ ಯಾಕೆ ತೆಗೆದೆ?"

"ಕಿಟಕಿ ಇತ್ತು, ಅವನೂ ಇದ್ದ. ಇಲ್ಲದ್ದೇನನ್ನೂ ನಾನು ತೋರಿಸಿಲ್ಲ, ಗುರುಗಳೇ."

"ಆಗ ನಾನು ಜಗಲಿಯಲ್ಲಿದ್ದೆ. ಅವನ ಕಾಲ ಬಳಿ ಬೆಕ್ಕಿನ ಮರಿ ಆಡುತ್ತಿತ್ತು. ತಲೆ ತಗ್ಗಿಸಿದ್ದು ಅದನ್ನು ನೋಡಲಿಕ್ಕೆ. ನಿನ್ನ ಚಿತ್ರದಲ್ಲಿ ಮರಿ ಎಲ್ಲಿ?"

ಅವಳು ಪರದೆಯಿಂದ ಮುಖ ತಿರುಗಿಸಿದಳು.

"ಅವನು ಯಾಕೆ ಹೊರಟುಹೋದ?"

ಮಂದಾಕಿನಿ ಬಾಯಿಬಿಟ್ಟಳು. "ಅವರಪ್ಪ ಜೈಲಿನಲ್ಲಿದ್ದಾರೆ. ನನಗೊಬ್ಬಳಿಗೇ ಹೇಳಿದ್ದ."

ಗುರುಗಳು ಚಿತ್ರವನ್ನು ಮತ್ತೆ ಹಾಕಿದರು.

"ಅವನ ಚಿತ್ರವನ್ನು ನೀವು ಎರಡು ಸಲ ನೋಡಿದಿರಿ," ಎಂದಳು ಅವಳು.

"ಈಗ ನಿನ್ನದನ್ನೂ ನೋಡುತ್ತಿದ್ದೇನೆ. ಅವನು ಬಯಲಲ್ಲಿ ಕೂತಿದ್ದಾನೆ. ಸರಳುಗಳ ಹಿಂದೆ ಇರುವವಳು ನೀನು."

ಮಂದಾಕಿನಿ ಮುಖ ಮುಚ್ಚಿಕೊಂಡು ಅತ್ತಳು. ಅವರು ತಡೆಯಲಿಲ್ಲ.

ಅಳು ನಿಂತ ಮೇಲೆ ತಮ್ಮ ಕ್ಯಾಮೆರಾವನ್ನು ತಂದು ಅವಳ ಕೈಗಿತ್ತರು. "ಬಸ್ ಇನ್ನೂ ಬಂದಿರಲಿಕ್ಕಿಲ್ಲ. ಹೋಗು."

"ನಾನು ಏನು ಹೇಳಿದರೂ ಅವನು ಇನ್ನು ನಂಬುವುದಿಲ್ಲ, ಗುರುಗಳೇ."

"ಏನೂ ಹೇಳಬೇಡ. ಇದನ್ನು ಅವನ ಕೈಗೆ ಕೊಟ್ಟು ಎದುರಿಗೆ ನಿಂತುಕೋ. ನಿನ್ನನ್ನು ಎಲ್ಲಿಂದ ನೋಡಬೇಕೆಂದು ಅವನೇ ಗೊತ್ತುಮಾಡಲಿ."