ದೊಡ್ಡವೀರಯ್ಯನ ಎನ್‌ಕ್ವಯರಿ

ದೊಡ್ಡವೀರಯ್ಯ ಪೊಲೀಸ್ ಕೆಲಸದಿಂದ ರಿಟೈರಾಗಿ ನಿಜಗುಣಯ್ಯನವರ ಶಿಷ್ಯನಾದ. ಖಾಕಿ ಬಿಟ್ಟ, ಬೀಡಿ ಬಿಟ್ಟ. ಮೀಸೆಯನ್ನೂ ಆ ಗದರುವ ದನಿಯನ್ನೂ ಮಾತ್ರ ಬಿಡಲಿಲ್ಲ, ಪುಣ್ಯಾತ್ಮ.

ಒಂದು ಬೆಳಿಗ್ಗೆ ಆಶ್ರಮದ ಹೊಳೆದಂಡೆಯಲ್ಲಿ ಅವನು ಆಸನ ಜೋಡಿಸುತ್ತಿದ್ದ. ಮರದ ನೆರಳಿನಲ್ಲಿ ತನಗೊಂದು ಕುರ್ಚಿ. ಅದರೆದುರು, ಬಿಸಿಲಿಗೆ ಮುಖ ಮಾಡಿ, ಒಂದು ಸ್ಟೂಲು.

"ಯಾರಪ್ಪ ಬರೋದು?" ಎಂದರು ಗುರುಗಳು.

"ಮಗಳು ಕುಸುಮ. ಹೋದ ವರ್ಷ ಗಂಡನ ಮನೆ ಬಿಟ್ಟು ಬಂದಳು. ಯಾಕೆ ಬಂದೆ, ಏನು ಕಥೆ ಅಂತ ಎನ್‌ಕ್ವಯರಿ ಮಾಡಿದೆ. ಅವತ್ತೇ ನಮ್ಮ ಮನೇನೂ ಬಿಟ್ಟು ಬೇರೆ ಕಡೆ ಹೊರಟುಹೋದಳು. ಆಮೇಲೆ ನನ್ನ ಹತ್ತಿರ ಒಂದು ಮಾತಿಲ್ಲ. ಇವತ್ತು ಅವರಮ್ಮನ ಬಲವಂತಕ್ಕೆ ಬರ್ತಿದ್ದಾಳೆ. ಇವತ್ತೂ ಮಾತಾಡದೆ ಹೋದರೆ ಮಗಳು ನನ್ನ ಪಾಲಿಗಿಲ್ಲ ಗುರುಗಳೇ."



ಗುರುಗಳು ಸ್ಟೂಲಿನ ಮೇಲೆ ಕೂತು ನೋಡಿದರು. "ಅಯ್ಯಪ್ಪಾ, ಕಣ್ಣು ಬಿಡೋಕಾಗಲ್ಲವಲ್ಲೋ!"

"ಎದುರಿಗೆ ಕೂತವರ ಮುಖ ಚೆನ್ನಾಗಿ ಕಾಣಬೇಕಲ್ಲ. ಹಳೇ ಅಭ್ಯಾಸ."

"ಎನ್‌ಕ್ವಯರಿ ಅಂದೆಯಲ್ಲ, ಆ ಇಂಗ್ಲಿಷ್ ಪದಕ್ಕೆ ಏನರ್ಥ?"

"ಗೊತ್ತಿಲ್ಲದ್ದನ್ನ ಕೇಳಿ ತಿಳ್ಕೊಳ್ಳೋದು."

"ಸರಿ. ಇವತ್ತು ಏನು ಕೇಳ್ತೀಯ?"

"ತಪ್ಪು ಯಾರದು ಅಂತ."

"ಯಾರದು?"

"ಅವಳದೇ. ಮೂಗಿನ ತುದೀಲೇ ಕೋಪ."

"ಗೊತ್ತಿದೆಯಲ್ಲ, ಬಿಡು. ಬೇರೆ?"

"ಗಂಡನ ಮನೆಗೆ ಯಾವತ್ತು ಹೋಗ್ತೀಯ ಅಂತ."

"ಹೋಗಬೇಕು ಅಂತ ನೀನೇ ತೀರ್ಮಾನ ಮಾಡಿಯಾಯ್ತು. ಬೇರೆ?"

ದೊಡ್ಡವೀರಯ್ಯ ಮೀಸೆ ತಿರುವಿದ. ಎಂತೆಂಥ ಖದೀಮರನ್ನು ನಡುಗಿಸಿದ ಆಸಾಮಿಗೆ ಒಂದೇ ಒಂದು ಪ್ರಶ್ನೆ ಹೊಳೆಯಲಿಲ್ಲ ನೋಡಿ!

"ಹಾಗಾದ್ರೆ ಏನು ಕೇಳಲಿ ಗುರುಗಳೇ? ನನಗೆ ಗೊತ್ತಾಗ್ತಿಲ್ಲ."

"ಭಲೇ! ಇದಪ್ಪಾ ಎನ್‌ಕ್ವಯರಿ ಅಂದ್ರೆ," ಎಂದು ಗುರುಗಳು ಎದ್ದು ಹೋಗಿಯೇಬಿಟ್ಟರು.

ಕುಸುಮ ಬಂದಳು. ತುಟಿ ಬಿಗಿದುಕೊಂಡಿದ್ದಳು. ಹೆಗಲ ಚೀಲವನ್ನೂ ಇಳಿಸದೆ ನೇರ ಸ್ಟೂಲಿನತ್ತ ನಡೆದಳು.

"ಅಲ್ಲಲ್ಲ, ನೀನು ನೆರಳಲ್ಲಿ ಕೂತ್ಕೋ," ಎಂದು ಅವನು ಮಗಳನ್ನು ಕುರ್ಚಿಯಲ್ಲಿ ಕೂರಿಸಿ ತಾನು ಸ್ಟೂಲಿನ ಮೇಲೆ ಕೂತ. ಬಿಸಿಲು ಕಣ್ಣಿಗೆ ಹೊಡೆಯಿತು. ಅವಳ ಮುಖ ಸರಿಯಾಗಿ ಕಾಣಲಿಲ್ಲ.

"ಕುಸುಮಾ, ಅವತ್ತು ನೀನು ಬಂದಾಗ ನಾನು ಏನು ಕೇಳಬೇಕಿತ್ತಮ್ಮ? ನಿಜವಾಗ್ಲೂ ನನಗೆ ಗೊತ್ತಿಲ್ಲ."

ಅವಳು ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಊಟ ಆಯ್ತಾ ಅಂತ ಕೇಳಬಹುದಿತ್ತಲ್ಲಪ್ಪ," ಎಂದಳು. "ಹಿಂದಿನ ದಿನದಿಂದ ಏನೂ ತಿಂದಿರಲಿಲ್ಲ."

ಆಮೇಲೆ ಅವಳನ್ನು ಹಿಡಿಯುವವರಿಲ್ಲ. ಅತ್ತಳು, ಅಪ್ಪನನ್ನು ಬಾಯಿಗೆ ಬಂದಂತೆ ಬೈದಳು, ಗಂಡನ ಮನೆಯ ಕಥೆಯನ್ನೆಲ್ಲ ಹೇಳತೊಡಗಿದಳು. ಚೀಲ ಯಾವಾಗ ಇಳಿಸಿದಳೋ ಅವಳಿಗೇ ಗೊತ್ತಿಲ್ಲ.

ದೊಡ್ಡವೀರಯ್ಯನಿಗೆ ಸಂತೋಷ ತಡೆಯಲಾಗಲಿಲ್ಲ. "ಒಂದೇ ನಿಮಿಷ ಕಂದಾ," ಎಂದವನೇ ಗುರುಗಳ ಗುಡಿಸಲಿಗೆ ಓಡಿದ.

"ಗೆದ್ದೆ ಗುರುಗಳೇ! ನನ್ನ ಮಗಳು ಮಾತಾಡಿದಳು!"

"ಹೇಳಿ ಮುಗಿಸಿದಳೇ?"

"ಎಲ್ಲಿ ಮುಗೀತದೆ! ಇನ್ನೂ ಬೇಕಾದಷ್ಟಿದೆ!"

"ಮತ್ತೆ ಇಲ್ಲೇನು ಮಾಡ್ತಿದ್ದೀಯೋ ಮಹರಾಯ? ಓಡು!"